ಲಾಗ್ ಬರೆದು ಪಾತ್ರ ಹಿಡಿದದ್ದು: ಕಾರವಾರದಲ್ಲೇ ಇದ್ದು ಸಿನಿಮಾ ಮಾಡಿದ ನನ್ನ ಅನುಭವ

ಸೇನಾಪಡೆಯಿಂದ ಬಂದವರು ಕ್ಯಾಮೆರಾ ಎದುರು ಮರಗಟ್ಟಿ ನಿಲ್ಲುತ್ತಾರೆ, ಅವರಿಗೆ ಇನ್‌ಸ್ಪೆಕ್ಟರ್, ವಾಚ್‌ಮನ್ ಬಿಟ್ಟು ಬೇರೆ ಪಾತ್ರ ಒಗ್ಗುವುದಿಲ್ಲ ಅಂತ ನನಗೆ ಹೇಳಿದವರು ಬಹಳ ಮಂದಿ. ಕಾರವಾರದಲ್ಲಿ ಕೂತು ಸಿನಿಮಾ ಆಗುವುದಿಲ್ಲ, ಬೆಂಗಳೂರಿನಲ್ಲಿ ಮನೆ ಮಾಡಲೇಬೇಕು ಅಂದವರು ಅದಕ್ಕಿಂತ ಹೆಚ್ಚು. ಇತ್ತೀಚೆಗೆ ಶಿರಸಿಯ ಅಡಿಕೆ ವಖಾರಿಯಲ್ಲಿ ತೂಕ ಮಾಡುವವನ ಪಾತ್ರ ಮಾಡಿದೆ. ಯೂನಿಫಾರ್ಮ್ ಇಲ್ಲ, ಸೆಲ್ಯೂಟ್ ಇಲ್ಲ, ಹತ್ತು ಹನ್ನೆರಡು ದೃಶ್ಯ. ಅದಾದ ಮೇಲೆ ಮೂರ್ನಾಲ್ಕು ಕಡೆಯಿಂದ ಕರೆ ಬಂತು, ಎಲ್ಲವೂ ಸಾದಾ ಬಟ್ಟೆಯ ಪಾತ್ರಗಳೇ. ಹಡಗಿನ ಲಾಗ್, ಅಂದರೆ ಪಾಳಿಪಾಳಿಗೆ ನಡೆದದ್ದನ್ನು ಬರೆದಿಡುವ ವಹಿ, ಅದರ ರೀತಿಯಲ್ಲೇ ಪಾತ್ರ ಸಿದ್ಧಮಾಡಿಕೊಂಡ ಬಗೆಯನ್ನು ಈಗ ಬರೆಯಬಹುದು ಅನ್ನಿಸಿತು. ನಾಟಕ, ಸೀರಿಯಲ್ ಅಂತ ಓಡಾಡುತ್ತಿರುವವರಿಗೂ, ಪಿಂಚಣಿ ಕೈಗೆ ಬಂದು ಮುಂದೇನು ಅಂತ ಯೋಚಿಸುತ್ತಿರುವ ಮಾಜಿ ಸೈನಿಕರಿಗೂ ಇದರಿಂದ ಉಪಯೋಗವಾಗಲಿ.

ನಾನು ಅಂಕೋಲಾ ಕಡೆಯವನು. ಪಿಯುಸಿ ಮುಗಿಸಿ ನೌಕಾಪಡೆ ಸೇರಿದೆ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಹಡಗು, ಸೀಮನ್ ಶಾಖೆ. ಪಿಂಚಣಿಗೆ ಬೇಕಾದ ಹದಿನೈದು ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದು, ಕೊನೆಯ ಪೋಸ್ಟಿಂಗ್ ಇಲ್ಲೇ ಅರಗಾದ ಐಎನ್‌ಎಸ್ ಕದಂಬದಲ್ಲಿ ಮುಗಿಸಿ ಪೆಟ್ಟಿ ಆಫೀಸರ್ ಆಗಿ ಹೊರಬಂದೆ. ಸೇವೆಯಲ್ಲಿದ್ದಾಗ ನಟನೆ ಅಂದರೆ ಬಡಾಖಾನಾದ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಔತಣದ ದಿನ ಮಾಡುವ ಸ್ಕಿಟ್ ಅಷ್ಟೇ.

ಧೈರ್ಯ ಬಂದದ್ದು ನಮಗಿಂತ ಮೊದಲು ಈ ದಾರಿಯಲ್ಲಿ ನಡೆದವರನ್ನು ನೋಡಿ. ನಮ್ಮ ದತ್ತಣ್ಣ, ಚಿತ್ರದುರ್ಗದ ಎಚ್.ಜಿ. ದತ್ತಾತ್ರೇಯ, ಎಂಜಿನಿಯರಿಂಗ್ ಓದಿ ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕಾರಿಯಾಗಿದ್ದವರು. ಸಿನಿಮಾಕ್ಕೆ ಬಂದದ್ದು ನಡುವಯಸ್ಸು ದಾಟುವಾಗ. 2000ದ ‘ಮುನ್ನುಡಿ’ ಅವರಿಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ತಮಿಳಿನ ಡೆಲ್ಲಿ ಗಣೇಶ್ 1964ರಿಂದ 1974ರವರೆಗೆ ವಾಯುಪಡೆಯಲ್ಲಿದ್ದರು, ದಿಲ್ಲಿಯ ತಮಿಳು ನಾಟಕ ತಂಡದಲ್ಲಿ ಪಳಗಿ, 1977ರಲ್ಲಿ ಕೆ. ಬಾಲಚಂದರ್ ಕೈಯಲ್ಲಿ ಸಿನಿಮಾಕ್ಕೆ ಬಂದರು. ಹಿಂದಿಯ ಅಚ್ಯುತ್ ಪೋತದಾರ್ ಭೂಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ನೌಕರಿ, ನಲವತ್ತು ದಾಟಿದ ಮೇಲೆ ನಟನೆ. ಈ ಮೂವರನ್ನೂ ಜನ ನೆನಪಿಟ್ಟಿರುವುದು ಅಪ್ಪ, ಅಜ್ಜ, ಮೇಷ್ಟ್ರು ಪಾತ್ರಗಳಿಂದ, ಯೂನಿಫಾರ್ಮಿನಿಂದಲ್ಲ. ಅವರಿಗೆ ಸಾಧ್ಯವಾದದ್ದಕ್ಕೆ ಏನೋ ಕಾರಣ ಇರಲೇಬೇಕು, ಅದನ್ನು ಹುಡುಕಬೇಕು ಅಂತ ನಾನು ಹಟ ಹಿಡಿದೆ.

ಮೊದಲ ಎರಡು ವರ್ಷ ಎಲ್ಲರೂ ಹೇಳಿದಂತೆಯೇ ನಡೆದೆ. ಬೆಂಗಳೂರಿನಲ್ಲಿ ರೂಮು, ಬಾಡಿಗೆ ಏಳೆಂಟು ಸಾವಿರ. ವಾರಾಂತ್ಯದ ಅಭಿನಯ ಶಿಬಿರಕ್ಕೆ ನಲವತ್ತು ಸಾವಿರದ ಹತ್ತಿರ. ಫೋಟೊ ಪೋರ್ಟ್‌ಫೋಲಿಯೊಗೆ ಹದಿನೈದು. ಶಿಬಿರದಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಪಾಠ: ‘ಮಿಲಿಟರಿ ಬಾಡಿ ಬಿಡಿ, ಸಡಿಲವಾಗಿ.’ ಹುಲ್ಲಿನ ಮೇಲೆ ಹೊರಳಿಸಿದರು, ಪ್ರಾಣಿಗಳ ಹಾಗೆ ನಡೆಸಿದರು. ಭುಜ ಸಡಿಲವಾಯಿತು, ನಿಜ. ಆದರೆ ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಆಡಿಷನ್‌ಗೆ ಹೋದರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಅವಧಿಯುದ್ದಕ್ಕೂ ಸಿಕ್ಕಿದ್ದು ಮಂತ್ರಿಯ ಹಿಂದೆ ನಿಲ್ಲುವ ಕಾನ್‌ಸ್ಟೆಬಲ್, ಬ್ಯಾಂಕಿನ ಗಾರ್ಡ್. ಒಂದು ಸೀರಿಯಲ್‌ನವರು ಕೊಡಬೇಕಿದ್ದ ಇಪ್ಪತ್ತೆಂಟು ಸಾವಿರ ಕೊನೆಗೂ ಬರಲಿಲ್ಲ, ಕೊಟ್ಟ ಚೆಕ್ ಬೌನ್ಸ್ ಆಯಿತು, ಮ್ಯಾನೇಜರ್ ಫೋನ್ ನಂಬರ್ ಬದಲಾಯಿತು. ನಿವೃತ್ತಿಯ ದುಡ್ಡಿನಲ್ಲಿ ಮೂರೂವರೆ ಲಕ್ಷದಷ್ಟು ಖರ್ಚಾಗಿತ್ತು, ಗಳಿಸಿದ್ದು ಎಲ್ಲ ಸೇರಿ ಅರವತ್ತು ಸಾವಿರ ಇದ್ದೀತು. ರೂಮು ಖಾಲಿ ಮಾಡಿ ಕಾರವಾರದ ಪಂಚಗಂಗಾ ರೈಲು ಹತ್ತಿದೆ.

ಲಾಗ್ ಹೊಳೆದದ್ದು ಊರಿಗೆ ಬಂದ ಮೇಲೆ. ಹಡಗಿನಲ್ಲಿ ದಿನಕ್ಕೆ ಏಳು ವಾಚ್, ಅಂದರೆ ಕಾವಲಿನ ಪಾಳಿ. ನಾಲ್ಕು ತಾಸಿನವು ಐದು, ಸಂಜೆ 4ರಿಂದ 8ರ ನಡುವೆ ಎರಡೆರಡು ತಾಸಿನ ಡಾಗ್ ವಾಚ್ ಎರಡು. ಹೀಗೆ ಬೆಸಸಂಖ್ಯೆ ಮಾಡಿದ್ದರಿಂದಲೇ ಒಬ್ಬನಿಗೆ ದಿನಾ ಅದೇ ಪಾಳಿ ಬೀಳುವುದಿಲ್ಲ. ಪ್ರತಿ ವಾಚ್‌ನಲ್ಲಿ ಏನಾಯಿತು ಅಂತ ಲಾಗ್‌ನಲ್ಲಿ ದಾಖಲಾಗಬೇಕು: ಗಾಳಿ, ದಿಕ್ಕು, ವೇಗ, ಯಾರು ಬಂದರು, ಯಾರು ಹೋದರು. ಪಾತ್ರಕ್ಕೂ ಅದನ್ನೇ ಮಾಡಿದೆ. ದೃಶ್ಯ ಶುರುವಾಗುವ ನಿಮಿಷದಿಂದ ಹಿಂದಕ್ಕೆ ಇಪ್ಪತ್ತನಾಲ್ಕು ತಾಸು, ವಾಚ್‌ಗೆ ಒಂದರಂತೆ ವಹಿಯಲ್ಲಿ ಗೆರೆ ಹಾಕಿದ ಏಳು ಮನೆ. ಒಂದೊಂದು ಮನೆಗೆ ಒಂದೇ ಸಾಲು.

ಮೊದಮೊದಲು ಬರೆದ ಲಾಗ್‌ಗಳು ಕೆಲಸ ಮಾಡಲಿಲ್ಲ. ತುಂಬ ಕತೆ ಬರೆಯುತ್ತಿದ್ದೆ: ಹೆಂಡತಿ ಜೊತೆ ಜಗಳ, ಸಾಲಗಾರನ ಫೋನು, ಬಾಲ್ಯದ ನೆನಪು. ಪರದೆಯ ಮೇಲೆ ಅದು ಯಾವುದೂ ಕಾಣುವುದಿಲ್ಲ. ಕೆಲವು ಪಾತ್ರ ಹಾಗೇ ದಾಟಿದವು. ಆಮೇಲೆ ಕತೆಯನ್ನೆಲ್ಲ ಹೊಡೆದುಹಾಕಿ ಮೈಗೆ ಸಂಬಂಧಪಟ್ಟದ್ದು ಮಾತ್ರ ಉಳಿಸಿದೆ: ಎಷ್ಟು ಹೊತ್ತು ನಿಂತಿದ್ದ, ಏನು ಹೊತ್ತಿದ್ದ, ಯಾವಾಗ ಉಂಡ, ಕಾಲಲ್ಲಿ ಏನಿತ್ತು, ಯಾರ ಮಾತಿಗೆ ಎದ್ದು ನಿಂತ. ಮಿಡಲ್ ವಾಚ್, ಅಂದರೆ ನಡುರಾತ್ರಿಯಿಂದ ಬೆಳಗಿನ ನಾಲ್ಕು, ಆ ಮನೆ ತುಂಬುವುದೇ ಕಷ್ಟ. ಅಲ್ಲಿ ‘ಮಲಗಿದ್ದ’ ಅಂತ ಬರೆದರೆ ಪಾತ್ರ ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ.

ನಾಟಕದ ಹಿರಿಯರೊಬ್ಬರು ನನ್ನ ವಹಿ ನೋಡಿ, ಇದು ಗುಮಾಸ್ತನ ಕೆಲಸ, ಅಭಿನಯ ಅಲ್ಲ ಅಂದರು. ಹೆಗ್ಗೋಡಿನ ನಾಟಕ ಶಾಲೆಯಲ್ಲಿ ಕಲಿತು ಬಂದ ಗೆಳೆಯನಿಗೂ ಸಮಾಧಾನ ಇರಲಿಲ್ಲ. ನಾನು ಬಿಡಲಿಲ್ಲ.

ತೂಕದವನ ಪಾತ್ರ ಹೇಳುತ್ತೇನೆ. ಶಿರಸಿಯಲ್ಲಿ ಒಂದು ವಾರದ ಮೇಲೆ ಉಳಿದು ವಖಾರಿಗಳಲ್ಲಿ ಸುಮ್ಮನೆ ಕೂತಿದ್ದೆ. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು ಅಂತ ಅಡಿಕೆಯ ಬಗೆಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವವರೆಗೂ ಕೂತೆ. ತೂಕ ಮಾಡುವವನು ಚೀಲ ಎತ್ತುವುದಿಲ್ಲ, ಅದು ಹಮಾಲರ ಕೆಲಸ. ಅವನು ನಿಂತೇ ಇರುತ್ತಾನೆ, ಬಗ್ಗಿ ಅಂಕಿ ನೋಡುತ್ತಾನೆ, ಕೂಗುತ್ತಾನೆ, ಬರೆಯುತ್ತಾನೆ. ಸಂಜೆಯ ಹೊತ್ತಿಗೆ ಸೋಲುವುದು ಸೊಂಟ ಮತ್ತು ಗಂಟಲು, ತೋಳಲ್ಲ. ಮಗ ಬಂದು ದುಡ್ಡು ಕೇಳುವ ದೃಶ್ಯ ಐದು ಗಂಟೆಗೆ, ನನ್ನ ಲೆಕ್ಕದಲ್ಲಿ ಫಸ್ಟ್ ಡಾಗ್ ವಾಚ್. ಸ್ಕ್ರಿಪ್ಟ್‌ನಲ್ಲಿ ಅಪ್ಪ ಸಿಟ್ಟಿನಿಂದ ತಿರುಗಿ ಕೂಗಬೇಕು. ಬೆಳಗಿನಿಂದ ಕೂಗಿದವನ ಗಂಟಲಲ್ಲಿ ಕೂಗು ಎಲ್ಲಿಂದ ಬರಬೇಕು? ನಾನು ಮೊದಲು ಚೀಲದ ಮೇಲೆ ಕೂತೆ, ಚಪ್ಪಲಿ ಬಿಟ್ಟೆ, ಆಮೇಲೆ ಸಣ್ಣ ದನಿಯಲ್ಲಿ ‘ಎಷ್ಟು’ ಅಂದೆ. ನಿರ್ದೇಶಕರು ಮಾನಿಟರ್ ಬಿಟ್ಟು ಎದ್ದು ಬಂದರು. ಒಂದೇ ಟೇಕ್. ಸಿನಿಮಾದಲ್ಲಿ ಹಾಗೇ ಇದೆ.

ಶಿಬಿರದಲ್ಲಿ ಬಿಡಿ ಅಂದಿದ್ದ ಆ ಮಿಲಿಟರಿ ಮೈ ಇಲ್ಲೇ ಕೆಲಸಕ್ಕೆ ಬಂತು. ವಿಶ್ರಾಮ್ ಭಂಗಿಯಲ್ಲಿ ಅರ್ಧ ತಾಸು ಅಲುಗದೆ ನಿಂತವನಿಗೆ ಕ್ಲೋಸಪ್‌ನಲ್ಲಿ ರೆಪ್ಪೆ ಹಿಡಿಯುವುದು ಕಷ್ಟವಲ್ಲ. ಡ್ರಿಲ್ ಮಾಡಿದ ಕೈ ಒಂದೇ ಶಬ್ದಕ್ಕೆ ಪ್ರತಿ ಸಲ ಲೋಟ ಎತ್ತುತ್ತದೆ, ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ, ತಪ್ಪುವುದೇ ಇಲ್ಲ. ಆ ಚಿತ್ರದ ಎಡಿಟರ್ ಫೋನ್ ಮಾಡಿ, ನಿಮ್ಮ ದೃಶ್ಯ ಎಲ್ಲಿ ಬೇಕಾದರೂ ಕತ್ತರಿಸಬಹುದು ಸಾರ್ ಅಂದರು. ನನಗೆ ಬಂದ ಹೊಗಳಿಕೆಯಲ್ಲಿ ಅತಿ ದೊಡ್ಡದು ಇದೇ. ನೆಲ ನೋಡದೆ ಮಾರ್ಕ್ ಮೇಲೆ, ಅಂದರೆ ಗುರುತು ಹಾಕಿದ ಜಾಗದಲ್ಲಿ ಸರಿಯಾಗಿ ನಿಲ್ಲಲು, ಗ್ಲಿಸರಿನ್ ಇಲ್ಲದೆ ಕಣ್ಣು ಒದ್ದೆ ಮಾಡಲು ನನ್ನ ಹತ್ತಿರ ಒಂದೊಂದು ಉಪಾಯ ಇದೆ, ಎರಡೂ ಹಡಗಿನಲ್ಲಿ ಕಲಿತದ್ದು. ಅವು ನನ್ನ ಅನ್ನ, ಇಲ್ಲಿ ಬರೆಯುವುದಿಲ್ಲ.

ಇನ್ನು ಕಾರವಾರದಲ್ಲೇ ಉಳಿದ ವಿಷಯ. ಸೆಲ್ಫ್ ಟೇಪ್‌ಗೆ, ಅಂದರೆ ಆಡಿಷನ್ ಮನೆಯಲ್ಲೇ ಚಿತ್ರಿಸಿ ಕಳಿಸುವುದಕ್ಕೆ, ನಾನು ಹಾಕಿದ್ದು ಹತ್ತು ಸಾವಿರದೊಳಗೆ: ಟ್ರೈಪಾಡ್, ಎರಡು ಎಲ್‌ಇಡಿ ಪ್ಯಾನೆಲ್, ಕಾಲರ್ ಮೈಕ್. ಫೋನು ಮಗಳದ್ದು. ತಲೆನೋವು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುವ ಊರಲ್ಲಿ ತಗಡಿನ ಮಾಡಿನ ಕೆಳಗೆ ಮೈಕ್ ಇಟ್ಟರೆ ಮಾತೇ ಕೇಳುವುದಿಲ್ಲ. ಹತ್ತಿಯ ಹಾಸಿಗೆ ಮೂರು ಕಡೆ ನಿಲ್ಲಿಸಿದೆ, ಸ್ವಲ್ಪ ಕಡಿಮೆಯಾಯಿತು. ಈಗ ಮಳೆಗಾಲದಲ್ಲಿ ಬೆಳಗಿನ ಜಾವ ಮಳೆ ಬಿಡುವು ಕೊಟ್ಟ ಹೊತ್ತಿಗೆ ಎದ್ದು ಮುಗಿಸುತ್ತೇನೆ, ಮಾರ್ನಿಂಗ್ ವಾಚ್ ಮಾಡಿದವನಿಗೆ ಅದೇನು ದೊಡ್ಡದಲ್ಲ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತಾಗ, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ, ಬೆಂಗಳೂರಿನಲ್ಲಿ ನಟರನ್ನು ಆರಿಸುವ ಕಾಸ್ಟಿಂಗ್‌ನವರಿಗೆ ನಾನು ಟೇಪ್‌ನಲ್ಲೇ ಸಿಕ್ಕೆ. ಬರಲೇಬೇಕು ಅಂತ ಅವರು ಹಟ ಮಾಡಿದ ಒಂದು ಪಾತ್ರ ಮಾತ್ರ ಕೈತಪ್ಪಿತು. ಆ ದಿನಗಳಲ್ಲಿ ನಮ್ಮ ತಾಲೂಕಿನ ಮನೆಮನೆಯಲ್ಲೂ ಸಂಕಟ, ಪಾತ್ರದ ಚಿಂತೆ ಯಾರಿಗಿತ್ತು.

ಪ್ರಯೋಗಗಳು ಇನ್ನೂ ಕೆಲವು ಮಾಡಿದೆ. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಟ್ರಾಲರ್‌ನ ವ್ಹೀಲ್‌ಹೌಸ್, ಅಂದರೆ ಚುಕ್ಕಾಣಿ ಕೋಣೆಯ ಒಳಗೆ ಟೇಪ್ ಮಾಡಿ ನೋಡಿದೆ. ಬೆಳಕು ಬಹಳ ಚೆಂದ, ಆದರೆ ಪಕ್ಕದ ಬೋಟಿನ ಎಂಜಿನ್ ಎಲ್ಲವನ್ನೂ ನುಂಗಿತು. ಉದ್ದದ ಸಂಭಾಷಣೆಗೆ ಅಕ್ಷರ ಸಂಕೇತ, ಆಲ್ಫಾ, ಬ್ರಾವೊ ಅಂತ ಪ್ರತಿ ವಾಕ್ಯಕ್ಕೆ ಹೆಸರು ಕೊಟ್ಟು ಬಾಯಿಪಾಠ ಮಾಡಿದೆ, ಇದು ಫಲಿಸಿತು, ಈಗಲೂ ಮಾಡುತ್ತೇನೆ. ಎಲ್ಲಕ್ಕಿಂತ ಫಲ ಕೊಟ್ಟದ್ದು ತಾಳಮದ್ದಳೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹೊನ್ನಾವರ, ಕುಮಟಾ ಕಡೆ ಮಳೆಗಾಲದ ಕೂಟಗಳಿಗೆ ಹೋಗಿ ಮೂಲೆಯಲ್ಲಿ ಕೂತು ಕೇಳಿದೆ, ಆಮೇಲೆ ಸಣ್ಣಪುಟ್ಟ ಪಾತ್ರಗಳ ಅರ್ಥ, ಅಂದರೆ ಮಾತು, ಹೇಳಲು ಬಿಟ್ಟರು. ಬರೆದ ಮಾತಿಲ್ಲ, ಎದುರಿನವನು ಏನು ಎಸೆಯುತ್ತಾನೋ ಗೊತ್ತಿಲ್ಲ, ವೇಷವೂ ಇಲ್ಲ. ಕೇಳಿಸಿಕೊಳ್ಳುವುದನ್ನು ನನಗೆ ಕಲಿಸಿದ್ದು ಅದು. ಪಕ್ಕದಲ್ಲಿ ಇಂಥ ಶಾಲೆ ಇಟ್ಟುಕೊಂಡು ನಮ್ಮ ಹುಡುಗರು ವಾರಾಂತ್ಯದ ಶಿಬಿರಕ್ಕೆ ಸಾಲ ಮಾಡುತ್ತಾರಲ್ಲ, ನನಗೆ ನಿಜವಾಗಿ ಬೇಸರ.

ಸೇನೆಯ ದೃಶ್ಯ ಇದ್ದಾಗ ಸಲಹೆಗಾರನ ಕೆಲಸವೂ ಮಾಡುತ್ತೇನೆ. ಭೂಸೇನೆಯ ಸೆಲ್ಯೂಟ್‌ನಲ್ಲಿ ಅಂಗೈ ಎದುರಿನವನಿಗೆ ಕಾಣುತ್ತದೆ, ನೌಕಾಪಡೆಯದ್ದರಲ್ಲಿ ಅಂಗೈ ನೆಲದ ಕಡೆ, ವಾಯುಪಡೆಯದ್ದು 2006ರಿಂದ ಇವೆರಡರ ನಡುವಿನ ಓರೆ. ತಲೆಯ ಮೇಲೆ ಟೋಪಿ ಇಲ್ಲದಾಗ ಕೈ ಎತ್ತುವುದಿಲ್ಲ. ಇಷ್ಟು ತಿದ್ದಿದರೇ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ವೀರ ಅಂದರೆ ಕಿರುಚುವವನು ಎಂಬ ಅಭ್ಯಾಸ ಬಿಡಿಸುವುದು. ಒಮ್ಮೆ ಹೊಸ ಹುಡುಗನೊಬ್ಬನಿಗೆ ಯುದ್ಧದ ದೃಶ್ಯ ಇತ್ತು, ಸುಮ್ಮನೆ ಗಂಟಲು ಹರಿದುಕೊಳ್ಳುತ್ತಿದ್ದ. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ, ಈಗ ವಸ್ತುಸಂಗ್ರಹಾಲಯವಾಗಿರುವ ‘ಚಪಲ್’ ಯುದ್ಧನೌಕೆಯ ಹತ್ತಿರ ಇರುವ ರಾಮ ರಾಘೋಬಾ ರಾಣೆಯವರ ಪ್ರತಿಮೆಗೆ ಕರೆದೊಯ್ದೆ. ನಮ್ಮ ಚೆಂಡಿಯಾದವರು, ಪರಮವೀರ ಚಕ್ರ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಟ್ಯಾಂಕಿನ ಕೆಳಗೆ ತೆವಳುತ್ತ, ಚಾಲಕನಿಗೆ ಕಟ್ಟಿದ ಹಗ್ಗ ಎಳೆದೆಳೆದು ಸೂಚನೆ ಕೊಡುತ್ತ ನೆಲಬಾಂಬಿನ ನಡುವೆ ದಾಟಿಸಿದರು. ‘ಆ ಹಗ್ಗ ಎಳೆಯುವ ಕೈ ಹೇಗಿದ್ದಿರಬೇಕು, ಅದನ್ನು ಮಾಡು’ ಅಂದೆ. ಮರುದಿನ ಅವನು ಕಿರುಚಲಿಲ್ಲ, ದೃಶ್ಯ ಚೆನ್ನಾಗಿ ಬಂತು.

ದುಡ್ಡಿನ ಮಾತು. ಶುರುವಿನಲ್ಲಿ ದಿನಕ್ಕೆ ಎಂಟುನೂರು, ಸಾವಿರ. ಈಗ ನಟನೆಗೆ ದಿನಕ್ಕೆ ಹತ್ತರಿಂದ ಹನ್ನೆರಡು ಸಾವಿರ, ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಹಿಡಿಯುವ ತೆರಿಗೆ, ಕಡಿದು. ಸಲಹೆಗೆ ಬೇರೆ, ಆರೇಳು ಸಾವಿರ. ಎರಡನ್ನೂ ಒಂದೇ ಸಂಭಾವನೆಯಲ್ಲಿ ಸೇರಿಸಲು ನೋಡುತ್ತಾರೆ, ಒಪ್ಪಬೇಡಿ, ಬೇರೆ ಬೇರೆ ಪತ್ರ ಬರೆಸಿಕೊಳ್ಳಿ. ಅರ್ಧ ಮುಂಗಡ ಖಾತೆಗೆ ಬಂದ ಮೇಲೆಯೇ ರೈಲಿನ ಟಿಕೆಟ್ ಮಾಡಿಸುತ್ತೇನೆ, ಟಿಕೆಟ್ ಖರ್ಚೂ ಅವರದ್ದೇ. ಉಳಿದದ್ದು ಡಬ್ಬಿಂಗ್‌ಗೆ ಮೊದಲು. ಡಬ್ಬಿಂಗ್ ಮುಗಿದ ಮೇಲೆ ಕೊಡುತ್ತೇವೆ ಅಂದರೆ, ನನ್ನ ದನಿಯನ್ನು ಕಾರವಾರದಿಂದಲೇ ಕೇಳಿಸಿಕೊಳ್ಳಿ ಅನ್ನುತ್ತೇನೆ. ಈಚೆಗೆ ಯಾರೂ ಬಾಕಿ ಇಟ್ಟಿಲ್ಲ.