ಒಂದೂವರೆ ಲಕ್ಷದ ಟಿವಿ ಕೊಳ್ಳುವ ಮುನ್ನ ಹಾಲ್ ಅಳೆಯಿರಿ

ಒಂದೂವರೆ ಲಕ್ಷ ರೂಪಾಯಿ ದಾಟಿದ ಮೇಲೆ ತೀರಾ ಕೆಟ್ಟ ಟಿವಿ ಸಿಗುವುದು ಅಪರೂಪ. ನಿಮ್ಮ ಮನೆಗೆ ಹೊಂದದ ಟಿವಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ಬ್ರ್ಯಾಂಡ್ ಚರ್ಚೆ ಆಮೇಲಿರಲಿ, ಮೊದಲು ಟೇಪ್ ಹಿಡಿದು ಹಾಲ್‌ಗೆ ಬನ್ನಿ.

ಸೋಫಾದಲ್ಲಿ ಕೂತವರ ಕಣ್ಣಿನಿಂದ ಟಿವಿ ಬರುವ ಜಾಗಕ್ಕೆ ಎಷ್ಟು ಇಂಚು ಎಂದು ಅಳೆದು 1.6ರಿಂದ ಭಾಗಿಸಿ. ಒಂಬತ್ತು ಅಡಿ, ಅಂದರೆ 108 ಇಂಚು ಇದ್ದರೆ 67.5 ಬರುತ್ತದೆ: 65 ಇಂಚಿನ ಟಿವಿ ಸರಿ. ಸಿನಿಮಾ ಮತ್ತು ಗೇಮ್ ಮುಖ್ಯವಾದರೆ 1.2ರಿಂದ ಭಾಗಿಸಬಹುದು, ಆಗ 77, 83 ಇಂಚೂ ಹೆಚ್ಚೇನಲ್ಲ. ಆದರೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ಚಾನೆಲ್‌ಗಳನ್ನೇ ನೋಡುವ ಮನೆಯಾದರೆ 1.6ರ ಲೆಕ್ಕ ಮೀರಬೇಡಿ. 576 ಗೆರೆಗಳ ಚಿತ್ರವನ್ನು 4ಕೆ ಪರದೆ ತುಂಬ ಹಿಗ್ಗಿಸಿದರೆ ಎಂಥ ಪ್ರೊಸೆಸರ್ ಇದ್ದರೂ ಮುಖಗಳು ಮೇಣ ಬಳಿದಂತೆ ಕಾಣುತ್ತವೆ. ದೊಡ್ಡ ಟಿವಿಯ ಪೆಟ್ಟಿಗೆಯನ್ನು ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸುವಂತಿಲ್ಲ. ಪೆಟ್ಟಿಗೆಯ ಅಳತೆ ಕೇಳಿಕೊಂಡು ಲಿಫ್ಟ್ ಮತ್ತು ಮೆಟ್ಟಿಲ ತಿರುವನ್ನೂ ಈಗಲೇ ಅಳೆದುಬಿಡಿ.

ಮುಂದಿನದು ಬೆಳಕು. ಪ್ಯಾನೆಲ್ ಆಯ್ಕೆ ಮುಕ್ಕಾಲು ಪಾಲು ಇದರ ಮೇಲೆಯೇ ನಿಂತಿದೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಪೂರ್ತಿ ಆರುತ್ತದೆ. ಹಾಗಾಗಿ ಕಪ್ಪು ಅಂದರೆ ಕಪ್ಪೇ, ಬದಿಯಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ರಾತ್ರಿ ದೀಪ ತಗ್ಗಿಸಿ ಸಿನಿಮಾ ನೋಡುವವರಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಜಾಹೀರಾತಿನ ಸಾವಿರಾರು ನಿಟ್ಸ್ ಪ್ರಕಾಶ ಪರದೆಯ ಚಿಕ್ಕ ಭಾಗಕ್ಕೆ ಮಾತ್ರ. ಇಡೀ ಪರದೆ ಬಿಳಿಯಾದಾಗ ಮಧ್ಯಮ ದರ್ಜೆಯ ಓಎಲ್‌ಇಡಿ ಸುಮಾರು 200 ನಿಟ್ಸ್‌ಗೆ ಇಳಿಯುತ್ತದೆ. ಬಾಲ್ಕನಿ ಬಾಗಿಲು ತೆರೆದು ಹಗಲಿನ ಟೆಸ್ಟ್ ಪಂದ್ಯ ನೋಡುವ ಮನೆಗೆ ಒಳ್ಳೆಯ ಮಿನಿ ಎಲ್‌ಇಡಿಯೇ ವಾಸಿ. ಸ್ಯಾಮ್‌ಸಂಗ್ ಎಸ್95ನ ಬಹುತೇಕ ಅಳತೆಗಳು, ಸೋನಿ ಬ್ರಾವಿಯಾ 8 ಮಾರ್ಕ್ 2 ಮುಂತಾದವುಗಳಲ್ಲಿರುವ ಕ್ಯೂಡಿ-ಓಎಲ್‌ಇಡಿ ಪ್ಯಾನೆಲ್‌ನಲ್ಲಿ ಬಣ್ಣ ಸೊಗಸು. ಆದರೆ ಅದಕ್ಕೆ ಹೊರಬೆಳಕಿನ ಪ್ರತಿಫಲನ ತಡೆಯುವ ಪೋಲರೈಸರ್ ಪದರ ಇಲ್ಲದ್ದರಿಂದ ಕೋಣೆಯ ಬೆಳಕು ಬಿದ್ದರೆ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಮಿನಿ ಎಲ್‌ಇಡಿ ಎಂದರೆ ಹಿಂದೆ ಸಾವಿರಾರು ಪುಟ್ಟ ದೀಪಗಳಿರುವ ಎಲ್‌ಸಿಡಿ. ಆ ದೀಪಗಳನ್ನು ಎಷ್ಟು ವಲಯಗಳಾಗಿ ಪಳಗಿಸಿದ್ದಾರೆ ಎಂಬುದರಲ್ಲಿ ಅದರ ಬೆಲೆ ಅಡಗಿದೆ. ವಲಯ ಕಡಿಮೆಯಾದರೆ ಕಪ್ಪು ಹಿನ್ನೆಲೆಯ ಸಬ್‌ಟೈಟಲ್ ಸುತ್ತ ಮಬ್ಬು ಪ್ರಭೆ ಕಾಣುತ್ತದೆ. ಬರೀ "ಕ್ಯೂಎಲ್‌ಇಡಿ" ಎಂಬ ಚೀಟಿ ನೋಡಿ ದುಡ್ಡು ಕೊಡಬೇಡಿ. ಅದು ಬಣ್ಣದ ಪದರದ ಹೆಸರು, ವಲಯವಾರು ದೀಪ ತಗ್ಗಿಸುವ ಲೋಕಲ್ ಡಿಮ್ಮಿಂಗ್ ಇದೆ ಎಂದು ಅರ್ಥವಲ್ಲ.

ಓಎಲ್‌ಇಡಿ ಕೊಳ್ಳುವವರಿಗೆ ಎರಡು ಎಚ್ಚರಿಕೆ. ದಿನಕ್ಕೆ ಎಂಟು ಗಂಟೆ ಒಂದೇ ಸುದ್ದಿ ಚಾನೆಲ್ ಓಡುವ ಮನೆಗೆ ಅದು ಬೇಡ. ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೊ ಬೀಳುವ ಜಾಗದ ಪಿಕ್ಸೆಲ್‌ಗಳು ಬೇಗ ಸವೆದು ಶಾಶ್ವತ ನೆರಳು ಉಳಿಯುತ್ತದೆ. ಇನ್ನೊಂದು ನಮ್ಮ ಮನೆಗಳ ಅಭ್ಯಾಸ: ಮಲಗುವಾಗ ಗೋಡೆಯ ಸ್ವಿಚ್ ಆರಿಸುವುದು. ಒಟ್ಟು ನಾಲ್ಕು ಗಂಟೆ ಬಳಕೆಯಾದ ಮೇಲೆ, ರಿಮೋಟಿನಿಂದ ಆಫ್ ಮಾಡಿದಾಗ, ಬಹುತೇಕ ಓಎಲ್‌ಇಡಿಗಳು ಕೆಲವು ನಿಮಿಷ ತಮ್ಮ ಪಿಕ್ಸೆಲ್‌ಗಳನ್ನು ಸರಿದೂಗಿಸಿಕೊಳ್ಳುತ್ತವೆ. ಅಷ್ಟರಲ್ಲಿ ಕರೆಂಟ್ ತೆಗೆದರೆ ಆ ಕೆಲಸ ನಿಲ್ಲುತ್ತದೆ. ಸ್ವಿಚ್ ಆರಿಸಲೇಬೇಕೆಂದರೆ ಅರ್ಧ ಗಂಟೆ ಬಿಟ್ಟು ಆರಿಸಿ.

ಇನ್ನು ಸ್ಪೆಸಿಫಿಕೇಶನ್ ಹಾಳೆ. "ಮೋಷನ್ ರೇಟ್ 240" ಥರದ ಅಂಕಿ ಬರೀ ಮಾರಾಟದ ಮಾತು. ಪ್ಯಾನೆಲ್‌ನ ಮೂಲ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದು) ಕನಿಷ್ಠ 120 ಹರ್ಟ್ಸ್ ಇರಲಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ದೃಶ್ಯಕ್ಕೆ ತಕ್ಕಂತೆ ಬೆಳಕು, ಬಣ್ಣ ಹೊಂದಿಸುವ ಡಾಲ್ಬಿ ವಿಷನ್ ಇಲ್ಲ, ಬದಲಿಗೆ ಎಚ್‌ಡಿಆರ್10 ಪ್ಲಸ್ ಇದೆ. ಎಚ್‌ಡಿಎಂಐ 2.1 ಎಂದು ಬರೆದಿದ್ದರೆ ಸಾಲದು, 4ಕೆ 120 ಹರ್ಟ್ಸ್ ಎಷ್ಟು ಪೋರ್ಟ್‌ನಲ್ಲಿ ಎಂದು ಕೇಳಿ. ಎಷ್ಟೋ ಟಿವಿಗಳಲ್ಲಿ ಅಂಥವು ಎರಡೇ, ಅದರಲ್ಲೊಂದು ಸೌಂಡ್‌ಬಾರ್‌ಗೆ ಧ್ವನಿ ಕಳಿಸುವ ಇಆರ್ಕ್ ಪೋರ್ಟ್. ಸೌಂಡ್‌ಬಾರ್ ಅಲ್ಲಿ ಕೂತರೆ ಗೇಮ್‌ಗೆ ಉಳಿಯುವುದು ಒಂದೇ. ಎಲ್‌ಜಿ ಸಿ ಸರಣಿಯಲ್ಲಿ ನಾಲ್ಕೂ ಪೂರ್ಣ ವೇಗದವು. 8ಕೆ ಸದ್ಯಕ್ಕೆ ಮರೆತುಬಿಡಿ, ಅದರಲ್ಲಿ ನೋಡಲು ಹೆಚ್ಚೇನೂ ಇಲ್ಲ.

ಶೋರೂಂನಲ್ಲಿ ಟಿವಿಗಳೆಲ್ಲ ವಿವಿಡ್ ಮೋಡ್‌ನಲ್ಲಿ, ಕಂಪನಿಯದೇ ಹೂವು-ಚಿಟ್ಟೆ ವಿಡಿಯೊ ತೋರಿಸುತ್ತಿರುತ್ತವೆ. ಫಿಲ್ಮ್‌ಮೇಕರ್ ಅಥವಾ ಸಿನಿಮಾ ಮೋಡ್‌ಗೆ ಹಾಕಿಸಿ. ಕತ್ತಲ ದೃಶ್ಯ, ಕ್ರಿಕೆಟ್, ಬರೀ ಬೂದುಬಣ್ಣದ ಪರದೆ, ಇವಿಷ್ಟನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬೂದು ಪರದೆಯಲ್ಲಿ ಎದ್ದುಕಾಣುವ ಗೆರೆ, ಕಲೆಗಳು ಮುಂದೆ ಬೌಂಡರಿಗೆ ಓಡುವ ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿದಾಗಲೂ ಕಾಣುತ್ತವೆ. ಬದಿಗೆ ಸರಿದು 45 ಡಿಗ್ರಿಯಿಂದಲೂ ನೋಡಿ. ಮಿನಿ ಎಲ್‌ಇಡಿಗಳ ಬಂಡವಾಳ ಅಲ್ಲಿ ಬಯಲಾಗುತ್ತದೆ. ಅಂಗಡಿಯವರು ಹೇಳಿದ್ದ ಬೆಲೆ ಹಳೆಯದಾದರೆ ಮತ್ತೆ ಕೇಳಿ: 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28 ಹೋಗಿ ಶೇ 18 ಆಗಿದೆ.

ಗೋಡೆಗೆ ಹಾಕುವಾಗ ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ 100-110 ಸೆಂ.ಮೀ. ಎತ್ತರಕ್ಕೆ ಬರಲಿ. 65 ಇಂಚಿನ ಟಿವಿಯ ಕೆಳ ಅಂಚು ಆಗ ಸುಮಾರು 65 ಸೆಂ.ಮೀ.ಗೆ ಬರುತ್ತದೆ. ಇಂಟೀರಿಯರ್‌ನವರು ಐದಡಿ ಎತ್ತರದಲ್ಲಿ ಪಾಯಿಂಟ್ ಕೊಟ್ಟಿದ್ದರೆ ಕೆಳಗಿಳಿಸಿ, ಕುತ್ತಿಗೆ ಉಳಿಯುತ್ತದೆ.

ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್ ತಡೆಯುತ್ತವೆ. ಹಿಂಬದಿಯ ಚೀಟಿಯಲ್ಲಿ ಹಾಗೆಂದಿದ್ದರೆ ಸ್ಟೆಬಿಲೈಜರ್‌ಗಿಂತ ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಮುಖ್ಯ. ಮಲೆನಾಡು, ಕರಾವಳಿಯವರು ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಡಿಶ್ ಕೇಬಲನ್ನೂ ಸೆಟ್‌ಟಾಪ್ ಬಾಕ್ಸ್‌ನಿಂದ ಕೀಳಬೇಕು. ಸಿಡಿಲಿನ ಏಟು ಆ ಕೇಬಲ್‌ನಿಂದ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡ್‌ಗೆ ದಾಟಬಲ್ಲದು.

ಮನೆಗೆ ಬಂದ ಟಿವಿಯನ್ನು ತಂದವರ ಎದುರಲ್ಲೇ ಬಿಚ್ಚಿಸಿ, ಹಚ್ಚಿಸಿ, ಕೆಂಪು, ಹಸಿರು, ನೀಲಿ, ಬಿಳಿ ಪರದೆಗಳಲ್ಲಿ ಸತ್ತ ಪಿಕ್ಸೆಲ್ ಹುಡುಕಿ, ವಿಡಿಯೊ ಮಾಡಿಟ್ಟುಕೊಳ್ಳಿ. ಆಮೇಲೆ ಸಿನಿಮಾ ಮೋಡ್ ಹಾಕಿ. ಓಎಲ್‌ಇಡಿಯಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್) ಪೂರ್ತಿ ಆಫ್ ಮಾಡಿದರೆ 24 ಫ್ರೇಮ್‌ನ ಸಿನಿಮಾ ಎಡವಿದಂತೆ ಕಾಣಬಹುದು. ಹತ್ತರಲ್ಲಿ ಎರಡು-ಮೂರಕ್ಕೆ ಇಡಿ. ಪಿಎಸ್5 ಗೇಮ್ ಯಂತ್ರ ಜೋಡಿಸಿದರೂ 120 ಹರ್ಟ್ಸ್ ಬರದಿದ್ದರೆ ಆ ಪೋರ್ಟ್‌ನ ಎಚ್‌ಡಿಎಂಐ ಸೆಟ್ಟಿಂಗನ್ನು ಎನ್ಹಾನ್ಸ್ಡ್ ಅಥವಾ ಡೀಪ್ ಕಲರ್‌ಗೆ ಬದಲಿಸಿ, ಜೊತೆಗೆ ಬಂದ ಕೇಬಲನ್ನೇ ಬಳಸಿ.