ಕೆಲವು ಮೊಬೈಲ್‌ಗಳಲ್ಲಿ ಮಾತ್ರ ತೆರೆಯದ ವೆಬ್‌ಸೈಟ್: ನನ್ನ ಅನುಭವ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವ ನಮ್ಮ ಮಾವ ದಿನದ ಬಾಕ್ಸ್ ರೇಟನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಹೋಸ್ಟಿಂಗ್ ಬದಲಾದ ಮೇಲೆ ಅದು ಕೆಲವರಿಗೆ ತೆರೆಯುತ್ತಿತ್ತು, ಕೆಲವರಿಗೆ ಇಲ್ಲ. ಸರ್ವರ್ ಮಾತ್ರ ಸರಿಯಾಗೇ ಇತ್ತು.

ಸೈಟಿನ ಹೆಸರಿಗೆ ಐಪಿ ವಿಳಾಸ, ಅಂದರೆ ಸರ್ವರಿನ ನಂಬರ್, ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅದನ್ನು ಪರೀಕ್ಷಿಸುವ ಡಿಗ್ ಕಮಾಂಡಿನಲ್ಲಿ ಗೂಗಲ್‌ನ ರಿಸಾಲ್ವರ್ (ನಮ್ಮ ಪರವಾಗಿ ವಿಳಾಸ ಹುಡುಕುವ ಸರ್ವರ್) 8.8.8.8 ಅನ್ನು ಕೇಳಿದರೆ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲಾಗಲಿಲ್ಲ ಅನ್ನೋ ದೋಷ ಬಂತು. ಅದಕ್ಕೇ ಪ್ಲಸ್ ಸಿಡಿ ಸೇರಿಸಿದೆ, ಅಂದರೆ ಉತ್ತರದ ಡಿಜಿಟಲ್ ಸಹಿ ನೋಡಬೇಡ, ಉತ್ತರ ಕೊಡು ಅಂತ. ತಕ್ಷಣ ಐಪಿ ವಿಳಾಸ ಬಂತು. ತೊಂದರೆ ಡಿಎನ್‌ಎಸ್‌ಸೆಕ್‌ನಲ್ಲೇ, ಅಂದರೆ ಡಿಎನ್‌ಎಸ್ ಉತ್ತರ ಅಸಲಿಯೇ ಅಂತ ಪರೀಕ್ಷಿಸುವ ವ್ಯವಸ್ಥೆಯಲ್ಲೇ ಅಂತ ಖಚಿತವಾಯಿತು.

ಡಿಎನ್‌ಎಸ್‌ಸೆಕ್‌ನಲ್ಲಿ ಉತ್ತರದ ಜೊತೆ ಸಹಿ ಬರುತ್ತದೆ. ಸಹಿ ಮಾಡುವ ಕೀಲಿಯ ಗುರುತು, ಅಂದರೆ ಡಿಎಸ್ ದಾಖಲೆ, ನಮ್ಮ ಹೆಸರಿನ ಮೇಲಿನ ಹಂತವಾದ .ಕಾಮ್‌ನಲ್ಲಿರುತ್ತದೆ. ನಮ್ಮ ಡಿಎನ್‌ಎಸ್ ಹೊಸ ಕೀಲಿಯ ಜೊತೆ ಬೇರೆ ಕಡೆ ಹೋಗಿತ್ತು, ಹಳೆ ಡಿಎಸ್ ಮಾತ್ರ .ಕಾಮ್‌ನಲ್ಲೇ ಉಳಿದಿತ್ತು. ಬ್ಯಾಂಕಿನಲ್ಲಿ ಹಳೆ ಸಹಿ ಇಟ್ಟು ಹೊಸ ಸಹಿಯ ಚೆಕ್ ಕೊಟ್ಟ ಹಾಗೆ. ಸಹಿ ತಾಳೆ ನೋಡುವ ರಿಸಾಲ್ವರ್‌ಗಳು ತಳ್ಳಿಹಾಕುತ್ತಿದ್ದವು, ನೋಡದವು ಸುಮ್ನೆ ಉತ್ತರ ಕೊಡುತ್ತಿದ್ದವು.

ಡಿಎನ್‌ಎಸ್‌ಸೆಕ್ ತೆಗೆದೇ ಬಿಡಿ ಅಂದವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ರೇಟು ನೋಡಿ ರೈತರು ಮಾಲು ತರುತ್ತಾರೆ, ಅವರನ್ನು ಯಾರೋ ನಕಲಿ ಪುಟಕ್ಕೆ ತಿರುಗಿಸಬಾರದು ಅಲ್ವಾ? ರಿಜಿಸ್ಟ್ರಾರ್ (ಸೈಟಿನ ಹೆಸರು ನೋಂದಾಯಿಸುವ ಕಂಪನಿ) ಖಾತೆಯಲ್ಲಿ ಹಳೆ ಡಿಎಸ್ ತೆಗೆದು ಹೊಸದನ್ನು ಹಾಕಿದೆ. .ಕಾಮ್‌ನಲ್ಲಿ ಡಿಎಸ್‌ನ ಟಿಟಿಎಲ್, ಅಂದರೆ ರಿಸಾಲ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿ, 86400 ಸೆಕೆಂಡು, ಹಾಗಾಗಿ ಅವುಗಳ ಕ್ಯಾಶ್ (ನೆನಪಿಟ್ಟ ಪ್ರತಿ) ಪೂರ್ತಿ ಬದಲಾಗಲು ಒಂದು ದಿನ ಹಿಡಿಯಬಹುದು. ಈಗ ಡಿಗ್ ಉತ್ತರದಲ್ಲಿ ಎಡಿ ಫ್ಲಾಗ್, ಅಂದರೆ ಸಹಿ ತಾಳೆಯಾಯಿತು ಅನ್ನೋ ಗುರುತು, ಬರುತ್ತಿದೆ.