ಗದ್ದಲದ ಮರೆಯಲ್ಲಿ ಸಂದೇಶ: ನನ್ನ ಅನುಭವ

ಐಒಟಿ, ಅಂದರೆ ಜಾಲಕ್ಕೆ ಜೋಡಿಸಿದ ಸಾಧನಗಳ, ಸುರಕ್ಷತೆಯ ಮಾತು ಬಂದಾಗಲೆಲ್ಲ, ಎನ್‌ಕ್ರಿಪ್ಷನ್ ಹಾಕಿದರೆ ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು. ನನಗದು ಒಪ್ಪಿಗೆಯಿಲ್ಲ. ಬಾಗಿಲಿನ ಸೆನ್ಸರ್ ಕಳುಹಿಸಿದ ಪ್ಯಾಕೆಟ್ಟಿನ ಒಳಗೇನಿದೆ ಎಂದು ಓದಲಾಗದಿದ್ದರೂ, ಅದು ಯಾವ ಹೊತ್ತಿಗೆ ಹೊರಟಿತು ಎಂಬುದರಿಂದಲೇ ಮನೆಯಲ್ಲಿ ಜನರ ಓಡಾಟವನ್ನು ಊಹಿಸಬಹುದು. ಆ ಸುಳಿವನ್ನೂ ಅಳಿಸಬೇಕೆಂದು ಪ್ರಯೋಗಾಲಯದಲ್ಲಿ ಮೂರು ರೇಡಿಯೊ ಜೋಡಿಸಿದೆ: ಕಳುಹಿಸಲು ಒಂದು, ಸ್ವೀಕರಿಸಲು ಒಂದು, ಕದ್ದು ಆಲಿಸುವವನಂತೆ ಪಹರೆಗೆ ಒಂದು.

ಮೊದಲು ಲೋರಾ ಎಂಬ, ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೊ ತಂತ್ರ ಹಿಡಿದೆ. ಎಸ್‌ಎಫ್ 12ರಲ್ಲಿ, ಅಂದರೆ ಸಂಕೇತವನ್ನು ಅತಿ ಹೆಚ್ಚು ಹೊತ್ತು ಹರಡುವ ಹೊಂದಿಕೆಯಲ್ಲಿ, ಸಂಕೇತವು ಹಿನ್ನೆಲೆಯ ರೇಡಿಯೊ ಗದ್ದಲಕ್ಕಿಂತ ಸುಮಾರು 20 ಡೆಸಿಬೆಲ್ ಕೆಳಗಿದ್ದರೂ ರಿಸೀವರ್ ಅದನ್ನು ಓದುತ್ತದೆ. ಪಹರೆಯ ಪರದೆಯಲ್ಲಿ ಏನೂ ಕಾಣಲಿಲ್ಲ. ಆದರೆ ಕಾಣದ್ದೆಲ್ಲ ಗುಪ್ತವಲ್ಲ. ಲೋರಾದ ಚಿರ್ಪ್ (ಆವೃತ್ತಿ ಒಂದೇ ಸಮನೆ ಏರುವ ಅಲೆ) ಹೇಗಿರುತ್ತದೆಂದು ಬಲ್ಲವರಿಗೆ ಗೊತ್ತು. ಪಹರೆಯ ರೇಡಿಯೊ ಹಿಡಿದದ್ದನ್ನು ತಲೆಕೆಳಗಾದ ಚಿರ್ಪ್‌ನಿಂದ ಗುಣಿಸಿ ಫೂರಿಯರ್ ಪರಿವರ್ತನೆಯಿಂದ ಆವೃತ್ತಿಗಳನ್ನು ಬಿಡಿಸಿ ನೋಡಿದೆ. ಬರೀ ಗದ್ದಲವಿದ್ದ ಕಡೆ ಚೂಪಾದ ಒಂದೇ ಗೆರೆ ನೆಟ್ಟಗೆ ಎದ್ದು ನಿಂತಿತು.

ಹಾಗಾಗಿ ಲೋರಾ ಚಿಪ್ ಬಿಟ್ಟು, ಅಲೆಯ ರೂಪವನ್ನು ನಾವೇ ಬರೆಯಬಹುದಾದ ಸಾಫ್ಟ್‌ವೇರ್ ರೇಡಿಯೊಗೆ ಬಂದೆ. ಇಬ್ಬರಿಗೆ ಮಾತ್ರ ಗೊತ್ತಿರುವ ಕೀಲಿಯಿಂದ ಹುಟ್ಟಿದ ಯಾದೃಚ್ಛಿಕ ಸರಣಿಯ ಮೇಲೆ ಬಿಟ್‌ಗಳನ್ನು ಹರಡಿದೆ. ಪ್ರತಿ ಸಲವೂ ಒಂದೇ ರೀತಿ ಮರುಕಳಿಸುವ ಪ್ರಿಯಾಂಬಲ್ (ಸಂದೇಶದ ಮುಂಚೆ ಬರುವ ಗುರುತು) ಪಹರೆಗೆ ದೊಡ್ಡ ಸುಳಿವು, ಅದನ್ನು ಕೈಬಿಟ್ಟೆ. ಕಳುಹಿಸುವ ಹೊತ್ತನ್ನೂ ಕೀಲಿಯೇ ನಿರ್ಧರಿಸುವಂತೆ ಮಾಡಿದೆ. ಇದರಿಂದ ಎರಡೂ ಕಡೆಯ ಗಡಿಯಾರಗಳನ್ನು ಹೊಂದಿಸಿಡುವ ಹೊಣೆ ಹೆಗಲೇರಿತು. ಇಡೀ ಕೆಲಸದಲ್ಲಿ ಹೆಚ್ಚು ದುಡಿಸಿಕೊಂಡದ್ದು ಅದೇ.

ಇನ್ನು ಎಷ್ಟು ಕಳುಹಿಸಬಹುದು ಎಂಬ ಪ್ರಶ್ನೆ. ಸಂಶೋಧಕರಾದ ಬುಲಾಟ್ ಬಾಷ್, ಡೆನಿಸ್ ಗೆಕೆಲ್, ಡಾನ್ ಟೌಸ್ಲಿ 2013ರಲ್ಲಿ ಪ್ರಕಟಿಸಿದ ವರ್ಗಮೂಲ ನಿಯಮ ಇಲ್ಲಿ ಕೈಹಿಡಿಯಿತು. ಪಹರೆಯವನು ಹೆಚ್ಚು ಹೊತ್ತು ಅಳೆದಷ್ಟೂ ಗದ್ದಲದ ಸರಾಸರಿ ಅವನಿಗೆ ನಿಖರವಾಗುತ್ತದೆ. ಆದ್ದರಿಂದ ಅವಧಿ ಹಿಗ್ಗಿದಂತೆ ನಾವು ಶಕ್ತಿಯನ್ನು ತಗ್ಗಿಸುತ್ತಲೇ ಹೋಗಬೇಕು. ಅವಧಿ 100 ಪಟ್ಟಾದರೆ ಸಂದೇಶ 10 ಪಟ್ಟು ಮಾತ್ರ. ವಿಡಿಯೊ ಕಳುಹಿಸುವವರಿಗೆ ಇದು ಸಾಯುವಷ್ಟು ನಿಧಾನ; ಗಂಟೆಗೆ ನಾಲ್ಕಾರು ಬೈಟ್ ಸಾಕೆನ್ನುವ ಸೆನ್ಸರ್‌ಗೆ ಧಾರಾಳ.

ಗದ್ದಲದ ಮಟ್ಟವೇ ಪಹರೆಯವನಿಗೆ ಖಚಿತವಾಗಿ ತಿಳಿಯದಿದ್ದರೆ ನಮಗೆ ಇನ್ನೂ ಅನುಕೂಲ. ಆ ಅಂದಾಜಿನಲ್ಲಿ ಎರಡೂ ಬದಿಗೆ 1 ಡೆಸಿಬೆಲ್ ಅನಿಶ್ಚಿತತೆ ಇದ್ದರೂ ಸಾಕು, ಬರೀ ಶಕ್ತಿ ಅಳೆಯುವ ಪತ್ತೆಕಾರಕ ಎಷ್ಟೇ ಹೊತ್ತು ಕಾದರೂ, ಗದ್ದಲಕ್ಕೆ ಹೋಲಿಸಿದಾಗ ಸುಮಾರು −3.3 ಡೆಸಿಬೆಲ್‌ಗಿಂತ ಕೆಳಗಿನ ಸಂಕೇತವನ್ನು ನಂಬಿಕೆಯಿಂದ ಹಿಡಿಯಲಾರದು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ನೋಡ್ (ರೇಡಿಯೊ ಸಾಧನ) ಇಟ್ಟು ಅದರಿಂದ ಏರಿಳಿಯುವ ಗದ್ದಲ ಹೊರಡಿಸಿದೆ. ಸಂದೇಶ ಇಲ್ಲದ ಹೊತ್ತಿನಲ್ಲೂ ಅದು ನಡೆಯುತ್ತಲೇ ಇರಬೇಕು. ಇಲ್ಲವಾದರೆ ಆ ಗದ್ದಲವೇ ಗುಟ್ಟು ಬಿಟ್ಟುಕೊಡುತ್ತದೆ.

ಬೆಲೆ ತೆರುವುದು ಬ್ಯಾಟರಿ. ಗದ್ದಲ ಹೊರಡಿಸುವ ನೋಡ್‌ಗೆ ಬಿಡುವೇ ಇಲ್ಲ, ಅದನ್ನು ವಿದ್ಯುತ್ ತಂತಿಗೇ ಜೋಡಿಸಬೇಕಾಯಿತು. ಸ್ವೀಕರಿಸುವ ನೋಡ್ ಕೂಡ ಒಂದೊಂದು ಬಿಟ್‌ಗೂ ಬಹಳ ಹೊತ್ತು ಎಚ್ಚರವಿರಬೇಕು. ಹಾಗಾಗಿ ತಾಪಮಾನದಂಥ ಮಾಹಿತಿಯನ್ನು ಮಾಮೂಲಿ ಎನ್‌ಕ್ರಿಪ್ಷನ್‌ಗೆ ಬಿಟ್ಟು, ಬಾಗಿಲು ತೆರೆದದ್ದು, ರೋಗಿಯ ತುರ್ತು ಕರೆಯಂಥವನ್ನು ಮಾತ್ರ ಈ ದಾರಿಯಲ್ಲಿ ಕಳುಹಿಸುತ್ತಿದ್ದೇನೆ.